ಸಂಜೆ ತುಂಬಿಸಿದ್ದು

ಇವತ್ತು ಮೀಟರಿನ ಮುಳ್ಳು ಬೀಳದೆ ನಿಂತಿರಲಿ ಎಂದು ಹರಕೆ ಹೊತ್ತುಕೊಳ್ಳಬೇಕೆಂದು ಪಲ್ಲಡಂ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಚೆನ್ನಕೇಶವನ್‌ಗೆ ಅನಿಸಿತು. ಆದರೆ ಯಾವ ದೇವರಿಗೆ ಹೊರುವುದೆಂದು ಹೊಳೆಯಲಿಲ್ಲ. ಮುಳ್ಳು ನಿಂತಿದ್ದರೆ ತನ್ನ ಕೋಣೆಯಲ್ಲೇ ಕೆಲಸ ಮಾಡುವ ನಂಜುಂಡನ್ ಕಳ್ಳನೆಂದು ಸಾಬೀತಾಗುತ್ತಿತ್ತು. ಒಬ್ಬ ಮನುಷ್ಯ ಕಳ್ಳನಾಗಿರಲಿ ಎಂದು ಬೇಡಿಕೊಳ್ಳುವವನ ತೆಂಗಿನಕಾಯಿಯನ್ನು ಯಾವ ದೇವರು ತಾನೇ ಒಡೆಸಿಕೊಂಡಾನು? ನಿನ್ನೆ ಸಂಜೆ ಮೋಟರು ಕಾರ್ಖಾನೆಯ ಗೇಟಿನಲ್ಲಿ, ಪಾಳಿ ಮುಗಿಸಿ ಹೊರಟ ಎಲ್ಲರ ಎದುರಿಗೆ ನಂಜುಂಡನ್‌ನ ಚೀಲ ಬಿಚ್ಚಿಸಿದ್ದರು. ವಾಚ್‌ಮನ್ ಮಾರಪ್ಪನ್ ಊಟದ ಕ್ಯಾರಿಯರ್ ತೆಗೆದು ಮೂಗಿನ ಹತ್ತಿರ ಹಿಡಿದ, ಟವೆಲ್ ಕೊಡವಿದ. ಹುಣಸೆ ಅನ್ನದ ನಾಲ್ಕು ಅಗುಳು ನೆಲಕ್ಕೆ ಬಿದ್ದವೇ ಹೊರತು ಬೇರೇನೂ ಸಿಗಲಿಲ್ಲ. ಆದರೂ ಕರೆದಾಗ ಬಂದರೆ ಸಾಕು, ಅಲ್ಲಿಯವರೆಗೆ ಮನೆಯಲ್ಲೇ ಇರಿ ಎಂದು ಮ್ಯಾನೇಜರ್ ಹೇಳಿ ಕಳಿಸಿದರು. ತಲೆ ನರೆತ ಆ ಮನುಷ್ಯ ಬಗ್ಗಿ, ಬಿದ್ದ ಅಗುಳುಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿಕೊಂಡು, ಮುಚ್ಚಳ ಮುಚ್ಚಿ ಹೊರಟಿದ್ದ. ಚೆನ್ನಕೇಶವನ್ ಇದನ್ನೆಲ್ಲ ಮಹಡಿಯ ಕಿಟಕಿಯ ಹಿಂದೆ ನಿಂತು ನೋಡಿದ್ದ. ನೋಡುವುದು ಬೇಡವೆಂದುಕೊಂಡೇ ಕೊನೆಯವರೆಗೂ ನೋಡಿದ್ದ.

ತಾನು ಹೆಸರು ಹೇಳಲಿಲ್ಲ ಎಂಬುದೊಂದು ಸಮಾಧಾನವಿತ್ತು. ಕಾರ್ಖಾನೆಯ ಯಜಮಾನರಾದ ಮೊದಲಾಳಿಯ ಕೋಣೆಯಲ್ಲಿ ನಿಂತು ಅವನು ಹೇಳಿದ್ದು ಇಷ್ಟೇ: ಸಂಜೆ ತುಂಬಿಸಿಟ್ಟ ಕರೆಂಟು ಬೆಳಿಗ್ಗೆ ಇರುವುದಿಲ್ಲ, ರಾತ್ರಿ ಯಾರೋ ಖಾಲಿ ಮಾಡುತ್ತಿದ್ದಾರೆ, ಕೋಣೆಗೆ ಎರಡು ಬೀಗದಕೈ ಇವೆ. ಮೊದಲಾಳಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು, 'ಸರಿ, ನೋಡ್ಕೋತೀನಿ' ಎಂದು ತಮಿಳಿನಲ್ಲಿ ಅಂದಿದ್ದರು. ಅದರಲ್ಲಿ ಏನು ತಪ್ಪು? ಇದ್ದದ್ದನ್ನು ಇದ್ದಂತೆ ಹೇಳಿದ್ದು ತಾನೇ? ನಿನ್ನೆ ನಂಜುಂಡನ್ ಹೋದ ಮೇಲೆ ತಾನೇ ಕೈಯಾರೆ ತುಂಬಿಸಿ, ತಾನೇ ಬೀಗ ಹಾಕಿ, ನಂಜುಂಡನ್ ಬಿಟ್ಟುಹೋದದ್ದೂ ಸೇರಿ ಎರಡೂ ಬೀಗದಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿದ್ದ. ಈಗ ಬೆಳಿಗ್ಗೆ ಅದು ಉಳಿದಿದ್ದರೆ ಬೇರೆ ಸಾಕ್ಷಿಯೇ ಬೇಡ. ನಾಲ್ಕು ಗಂಟೆಗೆ ಮೊದಲಾಳಿ ಕರೆಯುತ್ತಾರೆ. ಅಲ್ಲಿಗೆ ನಂಜುಂಡನ್‌ನ ಕೆಲಸ ಹೋದಂತೆಯೇ.

ಬಸ್ಸು ಸೂಲೂರು ದಾಟಿತು. ಪಕ್ಕದ ಸೀಟಿನ ಕೋಳಿ ವ್ಯಾಪಾರಿ ತೂಕಡಿಸುತ್ತ ಅವನ ಭುಜಕ್ಕೆ ತಲೆ ಆನಿಸಿದ. ಚೆನ್ನಕೇಶವನ್ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡ. ಬೀಗದಕೈಗಳು ಇದ್ದವು. ಈ ಮುಟ್ಟಿ ನೋಡಿಕೊಳ್ಳುವ ಚಾಳಿ ಪೊಂಗಲ್ ಹಬ್ಬದ ನಂತರ ಅಂಟಿಕೊಂಡದ್ದು. ಅದಕ್ಕೆ ಮೊದಲು ಅವನು ಹೀಗಿರಲಿಲ್ಲ, ಅಥವಾ ಹೀಗಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಆಗ ಅವನೂ ನಂಜುಂಡನ್‌ನೂ ಆ ಸಣ್ಣ ಕೋಣೆಯಲ್ಲಿ ಕೂತು ತೆಂಗಿನ ಚಿಪ್ಪಿನ ಇದ್ದಿಲನ್ನು ಜರಡಿ ಹಿಡಿಯುತ್ತ ಮನೆಯ ಕನ್ನಡದಲ್ಲಿ ಹರಟುತ್ತಿದ್ದರು. ಇಡೀ ಕಾರ್ಖಾನೆಯಲ್ಲಿ ಕನ್ನಡ ಮನೆಮಾತಿನವರು ಅವರಿಬ್ಬರೇ. ನಂಜುಂಡನ್ ಬೇಸಾಯದವರ ಪೈಕಿ, ಇವನು ನೇಕಾರರ ಪೈಕಿ. ಊರಲ್ಲಾಗಿದ್ದರೆ ಒಂದು ಜಗಲಿಯ ಮೇಲೆ ಕೂರುತ್ತಿದ್ದರೋ ಇಲ್ಲವೋ. ಇಲ್ಲಿ ಮಾತ್ರ ಅವನು ನಂಜುಂಡಣ್ಣ, ಇವನು ತಂಬಿ. ಬೇರೆ ಯಾರಾದರೂ ಒಳಗೆ ಬಂದರೆ ಇಬ್ಬರೂ ತಟ್ಟನೆ ತಮಿಳಿಗೆ ತಿರುಗುತ್ತಿದ್ದರು, ಅವನು ಇವನನ್ನು 'ಸಾರ್' ಎನ್ನುತ್ತಿದ್ದ. ಆಮೇಲೆ ಚೆನ್ನಕೇಶವನ್ ಅದನ್ನೇ ಹಿಡಿದು ಜಗ್ಗಿದ: ಇಷ್ಟು ಸಲೀಸಾಗಿ ಎರಡು ಬಗೆಯಲ್ಲಿ ಮಾತಾಡಬಲ್ಲವನು ಎರಡು ಬಗೆಯಲ್ಲಿ ನಡೆಯಲಾರನೇ? ತಾನೂ ಹಾಗೆಯೇ ಎರಡು ಬಗೆಯಲ್ಲಿ ಮಾತಾಡುತ್ತಿದ್ದೆ ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ.

ಅವರು ಮಾಡುತ್ತಿದ್ದುದು ಹೊಸ ಬಗೆಯ ಕೆಪ್ಯಾಸಿಟರ್. ಕಾರ್ಖಾನೆಯವರ ಬಾಯಲ್ಲಿ ಅದು 'ಕರಿ ಕಂಡೆನ್ಸರ್'. ಎಂಬತ್ತರ ದಶಕದ ಆ ಬೇಸಿಗೆಗಳಲ್ಲಿ ಕರೆಂಟು ಕಣ್ಣು ಮಿಟುಕಿಸಿದಂತೆ ಹೋಗಿ ಬರುತ್ತಿತ್ತು. ಅದು ಮಿಟುಕಿದಾಗಲೆಲ್ಲ ಪಲ್ಲಡಂ, ತಿರುಪ್ಪೂರುಗಳ ಮಗ್ಗ-ಮಿಷನ್ನುಗಳ ಸ್ಟಾರ್ಟರ್ ಕಳಚಿ ಬೀಳುತ್ತಿತ್ತು, ನೂಲು ಹರಿಯುತ್ತಿತ್ತು. ಆ ಅರೆಗಳಿಗೆ ಸ್ಟಾರ್ಟರನ್ನು ಹಿಡಿದು ನಿಲ್ಲಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿದರೆ ಜಿಲ್ಲೆಯೇ ಕೊಂಡುಕೊಳ್ಳುತ್ತದೆ ಎಂದು ಮೊದಲಾಳಿಗೆ ಆಸೆ ಹುಟ್ಟಿಸಿದವನು ಚೆನ್ನಕೇಶವನ್. ಬ್ಯಾಟರಿಯೊಳಗೆ ರಸಾಯನ ಕ್ರಿಯೆ ನಡೆಯಬೇಕು, ಅದು ನಿಧಾನ, ಬೇಗ ಸವೆಯುತ್ತದೆ. ಇದರಲ್ಲಿ ಹಾಗಲ್ಲ. ಇದ್ದಿಲಿನ ಒಂದು ಚಿಟಿಕೆಯೊಳಗೆ ಕಣ್ಣಿಗೆ ಕಾಣದ ರಂಧ್ರಗಳ ಮೈ ಒಂದು ಹೊಲದಷ್ಟು ಅಗಲವಿರುತ್ತದೆ. ಆಸಿಡ್ ಆ ಮೈಯನ್ನೆಲ್ಲ ಮುಟ್ಟುತ್ತದೆ. ಮುಟ್ಟಿದ ಕಡೆಯಲ್ಲೆಲ್ಲ ವಿದ್ಯುತ್ತು ಸುಮ್ಮನೆ ಬಂದು ಅಂಟಿ ಕೂರುತ್ತದೆ, ಕರೆದಾಗ ಎದ್ದು ಬರುತ್ತದೆ. ಎರಡು ಇದ್ದಿಲ ಹಲಗೆಗಳು ಒಂದನ್ನೊಂದು ತಾಕದಂತೆ ನಡುವೆ ಒಂದು ತೆಳು ಬಟ್ಟೆ, ಅಷ್ಟೇ. ಮೊದಲಾಳಿಗೆ ಇದೆಲ್ಲ ಬೇಕಿರಲಿಲ್ಲ. 'ಸಂಜೆ ತುಂಬ್ಸಿದ್ದು ಬೆಳಿಗ್ಗೆ ಇರ್ಬೇಕು, ಅಷ್ಟೇಪ್ಪಾ ನನಗೆ ಗೊತ್ತಿರೋದು' ಎನ್ನುತ್ತಿದ್ದರು. ಕೊಡದಲ್ಲಿ ನೀರಿಟ್ಟು ನೋಡುವವರ ಹಾಗೆ.

ಮೊದಮೊದಲು ಇರುತ್ತಿತ್ತು ಕೂಡ. ಪೊಂಗಲ್‌ಗೆ ಮೊದಲು, ಮಾರ್ಗಳಿ ತಿಂಗಳಲ್ಲಿ ಮಾಡಿದ ಮೊದಲಿನ ಸೆಲ್ಲುಗಳು ರಾತ್ರಿಯೆಲ್ಲ ಹಿಡಿದುಕೊಂಡಿದ್ದವು. ಆಗ ನಡುವಿನ ಬಟ್ಟೆಗೆಂದು ಚೆನ್ನಕೇಶವನ್ ತನ್ನ ತಾಯಿ ಕಣ್ಣಮ್ಮ ಮನೆಯ ಕುಳಿಮಗ್ಗದಲ್ಲಿ ನೇಯ್ದ ಪಂಚೆಯೊಂದರ ಒಡಲನ್ನು ಕತ್ತರಿಸಿ ತಂದಿದ್ದ. ಅದು ಮುಗಿಯಿತು. ಕತ್ತರಿಸಿದ ಅಂಚಿನಿಂದ ನೂಲು ಬಿಟ್ಟುಕೊಳ್ಳುತ್ತದೆಂದು, ಅಂಗೈ ಅಗಲದ ಪಟ್ಟಿಯನ್ನೇ ನೇಯ್ದು ಕೊಡಲು ತಾಯಿಗೆ ಹೇಳಿದ. ಅದೇ ನೂಲು, ಅದೇ ಮಗ್ಗ, ಅದೇ ಕೈ. ಆ ಹೊತ್ತಿಗೇ ಕೋಣೆಯ ಎರಡನೇ ಬೀಗದಕೈಯನ್ನು ನಂಜುಂಡನ್‌ಗೆ ಕೊಟ್ಟದ್ದು. ಅಲ್ಲಿಂದ ಶುರುವಾಯಿತು. ಹಗಲು ತುಂಬಿಸಿ ಹಗಲೇ ಬಳಸಿ ನೋಡಿದರೆ ಲೆಕ್ಕ ತಕ್ಕಮಟ್ಟಿಗೆ ಸರಿಯಾಗಿಯೇ ಬರುತ್ತಿತ್ತು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಖಾಲಿ. ಇದನ್ನು ಖಾಲಿ ಮಾಡಲು ಬೀಗ ಒಡೆಯಬೇಕಿಲ್ಲ, ಏನನ್ನೂ ಹೊತ್ತುಕೊಂಡು ಹೋಗಬೇಕಿಲ್ಲ. ಒಂದು ತುಂಡು ತಂತಿಯನ್ನು ಎರಡು ತುದಿಗೆ ತಾಗಿಸಿ ಸ್ವಲ್ಪ ಹೊತ್ತು ಹಿಡಿದರೆ ಸಾಕು. ಗುರುತೇ ಉಳಿಯದ ಕಳ್ಳತನ. ಗುರುತಿಲ್ಲ ಎಂಬುದೇ ಚೆನ್ನಕೇಶವನ್‌ಗೆ ದೊಡ್ಡ ಗುರುತಾಗಿ ಕಾಣತೊಡಗಿತು. ಒಂದು ದಿನ ಉಕ್ಕಡಂ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಂಜುಂಡನ್ ಇನ್ನೊಂದು ಮೋಟರು ಕಾರ್ಖಾನೆಯ ಮೇಸ್ತ್ರಿಯ ಜೊತೆ ತಲೆಗೆ ತಲೆ ತಾಗಿಸಿ ಮಾತಾಡುವುದನ್ನು ಅವನು ಬಸ್ಸಿನಿಂದ ಕಂಡ. ಮರುದಿನ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾನೆ ಎಂದುಕೊಂಡ.

ಕಾರ್ಖಾನೆ ತಲುಪಿ ಕೋಣೆಯ ಬೀಗ ತೆಗೆಯುವಾಗ ಬೀಗದ ಮೇಲೆ ಗೀರು ಇದೆಯೇ ಎಂದು ನೋಡಿದ. ಬಾಗಿಲ ಸಂದಿಗೆ ತಾನೇ ನಿನ್ನೆ ಸಿಕ್ಕಿಸಿದ್ದ ನೂಲಿನ ಚೂರು ಹಾಗೇ ಇತ್ತು. ಒಳಗೆ ಆಸಿಡ್ಡಿನ ಹುಳಿ ವಾಸನೆ. ಮೀಟರಿನ ತಂತಿಗಳನ್ನು ಒಂದೊಂದು ಸೆಲ್ಲಿಗೂ ಮುಟ್ಟಿಸಿದ. ಮುಳ್ಳು ಸೊನ್ನೆಯ ಹತ್ತಿರ ಒಂದು ಸಲ ಅಲುಗಾಡಿ ಮಲಗಿಕೊಂಡಿತು. ಎಲ್ಲವೂ ಅಷ್ಟೇ. ಅವನಿಗೆ ಮೊದಲು ಬಂದದ್ದು ನಂಜುಂಡನ್ ನಿರಪರಾಧಿ ಎಂಬ ಯೋಚನೆಯಲ್ಲ; ಮೂರನೇ ಬೀಗದಕೈ ಇದೆ ಎಂಬ ಯೋಚನೆ. ಆರು ತಿಂಗಳ ಸಲಿಗೆಯಲ್ಲಿ ಒಂದು ಬೀಗದಕೈ ಮಾಡಿಸಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ನೂಲಿನ ಚೂರನ್ನು ಕಂಡು ಮತ್ತೆ ಅಲ್ಲೇ ಸಿಕ್ಕಿಸಿರಬಹುದು. ಅಥವಾ ಮಾರಪ್ಪನ್ ಅವನ ಕಡೆಯವನಿರಬಹುದು. ನಿನ್ನೆ ಗೇಟಿನಲ್ಲಿ ಅಷ್ಟು ಜೋರಾಗಿ ತಪಾಸಣೆ ಮಾಡಿದ್ದೇ ನಾಟಕವಿರಬಹುದು. ಮೊದಲಾಳಿಯ ಅಳಿಯನಿಗಂತೂ ಈ ಕೆಲಸದ ಮೇಲೆ ಮೊದಲಿಂದಲೂ ಕಣ್ಣು. 'ನೇಯೋರ ಮನೆ ಹುಡುಗ ಮೋಟರಿಗೆ ಸೀರೆ ಉಡಿಸ್ತಾನಂತೆ' ಎಂದು ಅವನು ಕ್ಯಾಂಟೀನಿನಲ್ಲಿ ಅಂದದ್ದಕ್ಕೆ ಎಲ್ಲರೂ ನಕ್ಕಿದ್ದರು. ಚೆನ್ನಕೇಶವನ್ ಕೂಡ ನಕ್ಕಿದ್ದ. ನಗದಿದ್ದರೆ ಚುಚ್ಚಿತು ಎಂದು ಗೊತ್ತಾಗುತ್ತಿತ್ತಲ್ಲ. ನಂಜುಂಡನ್ ಒಬ್ಬನೇ ನಗದೆ ಎಲೆಯ ಮೇಲಿನ ಅನ್ನ ಕಲಸುತ್ತಿದ್ದ. ಅದೂ ಈಗ ಸಂಶಯದ ಸಂಗತಿಯಾಗಿಯೇ ನೆನಪಾಯಿತು.

ತಂತಿ ತಾಗಿಸಿದ ಕಡೆ ಕಿಡಿಯ ಕಲೆಯಾದರೂ ಇದ್ದೇ ಇರುತ್ತದೆಂದು ಹಟಕ್ಕೆ ಬಿದ್ದು ಅವನು ಒಂದು ಸೆಲ್ಲನ್ನು ಬಿಚ್ಚಿದ. ಬೋಲ್ಟು ಸಡಿಲಿಸಿ, ಬೇಕಲೈಟ್ ಹಲಗೆ ಎತ್ತಿ, ಕಪ್ಪು ಇದ್ದಿಲು ಅಂಟಿದ ಬಟ್ಟೆಯನ್ನು ಬಿಡಿಸಿ ನೀರಿನಲ್ಲಿ ತೊಳೆದ. ಇದ್ದಿಲು ಇಳಿದುಹೋಯಿತು. ಬಟ್ಟೆಯ ಅಂಚಿನುದ್ದಕ್ಕೂ ಗಿಳಿಹಸಿರು ಬಣ್ಣದ ಒಂದು ಗೆರೆ ಕಂಡಿತು. ಹಸಿರು ಎಂದರೆ ತಾಮ್ರ. ಇದ್ದಿಲು, ಗ್ರಾಫೈಟು, ಆಸಿಡ್ಡು, ಹತ್ತಿನೂಲು. ಇವುಗಳಲ್ಲಿ ತಾಮ್ರ ಎಲ್ಲಿಂದ ಬರಬೇಕು? ಉಗುರಿನಿಂದ ಗೆರೆಯನ್ನು ಕೆರೆದ. ಅಂಚಿನ ಬಿಗಿಯಾದ ಬಿಳಿ ಎಳೆಗಳ ನಡುವೆ, ಅರ್ಧ ತಿಂದುಹೋದ ಒಂದೇ ಒಂದು ಸರಿಗೆಯ ಎಳೆ. ಸೀರೆಯ ಜರಿಯಂಚಿಗೆ ಹಾಕುವ ಸರಿಗೆ. ಅದು ಬಟ್ಟೆಯ ಮೇಲೆ ಕೆಳಗೆ ಹಾಯುತ್ತ, ಒಮ್ಮೆ ಈ ಹಲಗೆಯ ಇದ್ದಿಲನ್ನೂ ಒಮ್ಮೆ ಆ ಹಲಗೆಯ ಇದ್ದಿಲನ್ನೂ ಮುಟ್ಟಿಕೊಂಡು ಹೋಗಿತ್ತು. ರಾತ್ರಿಯೆಲ್ಲ ಅದೇ ಹಾದಿಯಲ್ಲಿ ಹನಿಹನಿಯಾಗಿ ಎಲ್ಲ ಹರಿದುಹೋಗಿದೆ. ಉಳಿದ ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಉದ್ದಕ್ಕೂ, ಅಂಚಿನಲ್ಲಿ, ಹುಡುಕಿದರೆ ಮಾತ್ರ ಕಾಣುವಂಥ ಬೆಳ್ಳಗಿನ ಮಿನುಗು. ಇಷ್ಟು ದಿನ ಎಲ್ಲರನ್ನೂ, ಎಲ್ಲವನ್ನೂ ಅನುಮಾನಿಸಿದ್ದ. ಮನೆಯಿಂದ ಬಂದ ಬಟ್ಟೆಯನ್ನು ಮಾತ್ರ ಬೆಳಕಿಗೆ ಹಿಡಿದಿರಲಿಲ್ಲ.

'ಏನ್ ಸಾರ್, ಸಿಕ್ತಾ?' ಬಾಗಿಲಲ್ಲಿ ಮಾರಪ್ಪನ್ ಟೀ ಲೋಟ ಹಿಡಿದು ನಿಂತಿದ್ದ.

'ಏನು ಸಿಗೋದು?' ಎಂದು ಚೆನ್ನಕೇಶವನ್ ಒದ್ದೆ ಬಟ್ಟೆಯನ್ನು ಮುಷ್ಟಿಯೊಳಗೆ ಮಡಚಿಕೊಂಡ. ಮಾರಪ್ಪನ್ ಲೋಟ ಇಟ್ಟು ಹೋದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಏನು ಕಂಡನೋ.

ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೊರಟ. ದಾರಿಯುದ್ದಕ್ಕೂ ತಾಯಿಯ ಮೇಲೆ ಸಿಟ್ಟು ಏರುತ್ತಲೇ ಹೋಯಿತು. ಅವನು ಮಗ್ಗ ಬಿಟ್ಟು ಪಾಲಿಟೆಕ್ನಿಕ್ ಸೇರಿದಾಗ ಅವಳು ಒಂದು ವಾರ ಸರಿಯಾಗಿ ಮಾತಾಡಿರಲಿಲ್ಲ. ಅಪ್ಪ ಸತ್ತ ಮೇಲೆ ಕುಳಿಯಲ್ಲಿ ಕೂತು ಮಗ್ಗ ನಡೆಸಿದವಳು ಅವಳು. ಗಂಡುಮಗ ಇದ್ದೂ ಕುಳಿ ಬರಿದಾಯಿತೆಂಬ ಕೊರಗು ಅವಳಲ್ಲಿ ಇನ್ನೂ ಇದೆ. ಬೇಕೆಂದೇ ಮಾಡಿದ್ದರೆ? ಮಗನ ಕೆಲಸ ಕೆಟ್ಟರೆ ಮಗ್ಗಕ್ಕೆ ಮರಳುತ್ತಾನೆಂದು? ಇಂಥ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೆ ಯೋಚನೆ ಹೋಗಲಿಲ್ಲ.

ಕಣ್ಣಮ್ಮ ಜಗಲಿಯಲ್ಲಿ ಲಡಿ ನೂಲನ್ನು ರಾಟೆಗೆ ಹಾಕಿ ಸುತ್ತುತ್ತಿದ್ದಳು. ಐದು ತಿಂಗಳ ಬಸುರಿ ಮಲ್ಲಿಗಾ ಒಳಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳು ಗಂಡನ ಮುಖ ಕಂಡು ಮೊರ ಕೆಳಗಿಟ್ಟಳು. ಅವನು ಬಟ್ಟೆಯನ್ನು ತಾಯಿಯ ಮುಂದೆ ಹಿಡಿದ.

'ಇದರೊಳಗೆ ಸರಿಗೆ ಹೆಂಗೆ ಬಂತಮ್ಮಾ?'

'ನಾನೇ ಹಾಕ್ದೆ. ಇನ್ಯಾರು ಹಾಕ್ತಾರೆ?' ಅವಳು ರಾಟೆ ನಿಲ್ಲಿಸಲಿಲ್ಲ. 'ಬಣ್ಣ ಬೇಡ, ಅಂಚಿಗೆ ಕರೆ ಬೇಡ ಅಂದೆ ನೀನು. ಬಣ್ಣ ಹಾಕ್ಲಿಲ್ವಲ್ಲ ನಾನು. ಒಂದೇ ಒಂದು ಎಳೆ ಬೆಳ್ಳಿ ಸರಿಗೆ. ಅದೂ ಕಣ್ಣಿಗೆ ಕಾಣ್ದಂಗೆ ಒಳಕ್ಕೆ ಇಟ್ಟೆ.'

'ಯಾಕೆ?'

'ಯಾಕೆ ಅಂತ ಕೇಳ್ತಾನೆ ನೋಡು ಮಲ್ಲಿಗಾ.' ಈಗ ರಾಟೆ ನಿಂತಿತು. 'ಕರೆ ಇಲ್ದೆ ಬರೀ ಬಿಳಿ ನೂಲಿನ ಪಾವು ನಮ್ಮ ಮಗ್ಗಕ್ಕೆ ಏರ್ಸೋದು ಯಾವಾಗ? ಮನೇಲಿ ಹೆಣ ಬಿದ್ದಾಗ. ನಿಮ್ಮಪ್ಪಂಗೆ ನಾನೇ ನೇಯ್ದೆ, ಈ ಕೈಯಲ್ಲಿ. ಮನೇಲಿ ಬಸುರಿ ಹೆಂಗ್ಸನ್ನ ಇಟ್ಕೊಂಡು ಹೆಣದ ಬಟ್ಟೆ ನೇಯಿ ಅಂತೀಯಲ್ಲ, ನಿಂಗೆ ಹೊಟ್ಟೇಲಿ ಏನೂ ಅನ್ನಿಸ್ಲಿಲ್ವಾ? ಅದಕ್ಕೇ ಒಂದು ಎಳೆ ಹಾಕ್ದೆ. ಶುಭಕ್ಕೆ. ತಪ್ಪಾ ಸಾಮಿ?'

'ಸರಿಗೇಲಿ ತಾಮ್ರ ಇದೆ ಅಮ್ಮಾ. ತುಂಬ್ಸಿದ ಕರೆಂಟೆಲ್ಲ ಅದರಲ್ಲೇ ಹರಿದುಹೋಗುತ್ತೆ.'

'ತಾಮ್ರವಾ?' ಕಣ್ಣಮ್ಮನ ಮುಖ ಕೆಂಪಾಯಿತು. ಬಟ್ಟೆಯನ್ನು ಕಿತ್ತುಕೊಂಡು ಹಸಿರು ಗೆರೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. 'ಸುದ್ದ ಬೆಳ್ಳಿ ಅಂತ ಸತ್ಯ ಮಾಡಿ ಕೊಟ್ನಲ್ಲ ಆ ಸರಿಗೆ ಅಂಗಡಿಯವನು! ಕಳ್ಳ. ಮೊದಲಿಂದ್ಲೂ ನಂಗೆ ಅವನ ಮೇಲೆ ಒಂದು ಕಣ್ಣಿತ್ತು.'

ಬೇರೆ ದಿನವಾಗಿದ್ದರೆ ಚೆನ್ನಕೇಶವನ್‌ಗೆ ನಗು ಬರುತ್ತಿತ್ತು. ಅವನು ಹೆಂಡತಿಯ ಕಡೆ ತಿರುಗಿದ. 'ನಿಂಗೂ ಗೊತ್ತಿತ್ತಾ?'

'ಅತ್ತೆ ಹೇಳ್ಬೇಡ ಅಂದ್ರು,' ಎಂದಳು ಮಲ್ಲಿಗಾ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು. 'ನಂಗೂ ಒಂಥರಾ ಧೈರ್ಯ ಆಯ್ತು. ಅದಕ್ಕೆ ಸುಮ್ಕಿದ್ದೆ.'

ಅವನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಹೊರಗೆ ಬಂದಾಗ ತಾಯಿ ಅವನನ್ನೇ ನೋಡುತ್ತಿದ್ದಳು. 'ಇದಕ್ಕೆ ಯಾರ್ನಾದ್ರೂ ಏನಾದ್ರೂ ಅಂದ್ಯಾ ಕೇಶವಾ?' ಎಂದಳು. ಇಲ್ಲ ಎಂದ. ಅವಳು ನಂಬಿದಳೋ ಇಲ್ಲವೋ, ತಟ್ಟೆ ಇಟ್ಟು ಅನ್ನ ಬಡಿಸಿದಳು.

ವಾಪಸು ಬಸ್ಸಿನಲ್ಲಿ ಬಟ್ಟೆ ಜೇಬಿನಲ್ಲಿತ್ತು. ಯೋಚಿಸಿದರೆ ಎಲ್ಲ ಬಹಳ ಸುಲಭವಾಗಿತ್ತು. ಬಟ್ಟೆಯನ್ನು ಈ ಕಿಟಕಿಯಿಂದ ಆಚೆ ಬಿಟ್ಟರೆ ನೊಯ್ಯಲ್ ಹೊಳೆಯ ಕಡೆಯ ಯಾವುದೋ ಮುಳ್ಳುಬೇಲಿಗೆ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಹಳೆಯ ಪಂಚೆ ಇನ್ನೊಂದಿದೆ. ಅದರ ಒಡಲನ್ನು ಕತ್ತರಿಸಿ ಹೊಸ ಸೆಲ್ ಕಟ್ಟಿದರೆ ತುಂಬಿಸಿದ್ದು ಬೆಳಿಗ್ಗೆಗೂ ನಿಲ್ಲುತ್ತದೆ. ನಂಜುಂಡನ್ ಹೋದ, ಕಂಡೆನ್ಸರ್ ನಿಂತಿತು: ಇದಕ್ಕಿಂತ ಸಾಕ್ಷಿ ಬೇಕೇ? ಯಾರೂ ಅವನನ್ನು ಮತ್ತೆ ಕರೆಯುವುದಿಲ್ಲ. ಬೇರೆ ಕಾರ್ಖಾನೆಯವರೂ ಯಾಕೆ ಬಿಟ್ಟೆ ಎಂದು ಕೇಳಿಯೇ ಕೇಳುತ್ತಾರೆ. ಆಮೇಲೆ ಚೆನ್ನಕೇಶವನ್‌ಗೆ ಅವನ ಮುಖ ನೋಡುವ ಪ್ರಮೇಯವೇ ಬರುವುದಿಲ್ಲ. ಈ ಯೋಚನೆಯಲ್ಲಿ ಅವನಿಗೆ ಭಯಕ್ಕಿಂತ ಹೆಚ್ಚಾಗಿ ಹಾಯೆನಿಸಿತು, ಮತ್ತು ಹಾಯೆನಿಸಿದ್ದು ಅವನಿಗೆ ಗೊತ್ತಾಯಿತು. ಕಿಟಕಿಯಿಂದ ಕೈ ಹೊರಗೆ ಹಾಕಿದ. ಆಗ ಮಾರಪ್ಪನ್ ನೆನಪಾದ. ಬಾಗಿಲಲ್ಲಿ ನಿಂತು 'ಸಿಕ್ತಾ' ಎಂದನಲ್ಲ, ಏನು ಅಂತ ಕೇಳಿದ? ಹಸಿರು ಗೆರೆಯನ್ನು ಅವನು ಕಂಡಿದ್ದರೆ? ಈಗಾಗಲೇ ಮೇಲೆ ಹೋಗಿ ಹೇಳಿದ್ದರೆ? ನಾಲ್ಕು ಗಂಟೆಗೆ ಮೊದಲಾಳಿ ಕರೆಯುವುದೇ ತನ್ನನ್ನು ಪರೀಕ್ಷಿಸಲೆಂದು ಆಗಿದ್ದರೆ? ಅವನು ಕೈ ಒಳಗೆಳೆದುಕೊಂಡ. ನಿಜ ಹೇಳುವುದೆಂದು ಅವನು ತೀರ್ಮಾನಿಸಿದ್ದು ಹೀಗೆ. ಅದರಲ್ಲಿ ಒಳ್ಳೆಯತನ ಎಷ್ಟಿತ್ತೆಂದು ಅವನೂ ಹುಡುಕಲು ಹೋಗಲಿಲ್ಲ.

ಮೊದಲಾಳಿ ಎಲ್ಲ ಕೇಳಿಸಿಕೊಂಡು ಹೊಟ್ಟೆ ಕುಣಿಯುವಂತೆ ನಕ್ಕರು. 'ಅಮ್ಮನ ಆಶೀರ್ವಾದ ನಮ್ಮ ಕಂಡೆನ್ಸರ್‌ನ ಶಾರ್ಟ್ ಮಾಡ್ತಾ!' ಎಂದು ಪಕ್ಕದ ಕೋಣೆಯ ಅಕೌಂಟೆಂಟನ್ನು ಕೂಗಿ ಕರೆದು ಮತ್ತೊಮ್ಮೆ ಹೇಳಿ ನಕ್ಕರು. ಮಾರಪ್ಪನ್ ಏನೂ ಹೇಳಿರಲಿಲ್ಲ ಎಂಬುದು ಅವರ ನಗುವಿನಿಂದಲೇ ಚೆನ್ನಕೇಶವನ್‌ಗೆ ತಿಳಿಯಿತು. ಬಟ್ಟೆಯನ್ನು ಎಸೆದಿದ್ದರೂ ನಡೆಯುತ್ತಿತ್ತು ಎಂಬ ಯೋಚನೆ ಒಂದು ಕ್ಷಣ ಸುಳಿದುಹೋಯಿತು.

'ಹಾಗಾದರೆ ನಂಜುಂಡನ್...' ಎಂದ.

'ಅವರನ್ನ ಕರೆಯೋದು ಬಿಡೋದು ನಿಮ್ಮಿಷ್ಟ. ಬೇಡ ಅಂದವರು ನೀವೇ ತಾನೆ?'

'ನಾನು ಯಾರ ಹೆಸರೂ ಹೇಳಲಿಲ್ಲ ಸಾರ್.'

ಮೊದಲಾಳಿ ಕನ್ನಡಕ ಹಾಕಿಕೊಂಡು ಅವನನ್ನು ಸರಿಯಾಗಿ ನೋಡಿದರು. ಈಗ ನಗುತ್ತಿರಲಿಲ್ಲ. 'ಇಬ್ಬರ ಕೈಲಿ ಬೀಗದಕೈ ಇದೆ. ಒಬ್ಬರು ಬಂದು ನನ್ನ ಮುಂದೆ ನಿಂತು ಹೇಳ್ತಾ ಇದ್ದಾರೆ. ಇನ್ನೊಬ್ಬರು ಯಾರು ಅಂತ ನಾನು ಜ್ಯೋತಿಷ್ಯ ಕೇಳ್ಬೇಕಾ? ಹೋಗಿ, ನೀವೇ ಹೋಗಿ ಕರ್ಕೊಂಡು ಬನ್ನಿ.'

ನಂಜುಂಡನ್‌ನ ಮನೆ ಉಕ್ಕಡಂ ಕೆರೆಯ ಪಕ್ಕದ ಸಾಲುಮನೆಗಳಲ್ಲಿತ್ತು. ಮೀನು ಮಾರುಕಟ್ಟೆ ತೊಳೆದ ನೀರು ಬೀದಿಯ ಬದಿಯಲ್ಲಿ ಹರಿಯುತ್ತಿತ್ತು. ಬಾಗಿಲಿಗೆ ಬಂದ ಪಂಕಜಂ, ಅವನ ಹೆಂಡತಿ, ಮುಖ ಅರಳಿಸಿ, 'ವಾಂಗೋ ತಂಬಿ, ಬನ್ನಿ ಬನ್ನಿ, ಕರೆಂಟ್ ಬಂತಾ?' ಎಂದಳು. ಚೆನ್ನಕೇಶವನ್‌ಗೆ ಅರ್ಥವಾಗಲಿಲ್ಲ. 'ಇವ್ರು ಅಂದ್ರು, ಕರೆಂಟ್ ಇಲ್ಲ, ರಜ ಬಿಟ್ಟವ್ರೆ ಅಂತ. ಬೆಳಿಗ್ಗಿಂದ ಮನೇಲೇ ಅವ್ರೆ, ನಂಗೂ ಮಾತಿಗೊಂದು ಜೊತೆ ಆಯ್ತು.' ನೀರಿನ ಚೊಂಬು ತಂದುಕೊಟ್ಟಳು. ಒಳಗಿನಿಂದ ನಂಜುಂಡನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು, ಇವನ ಮುಖವನ್ನೂ ನೋಡದೆ, 'ಬಾ, ಕೆರೆ ಕಡೆ ಹೋಗೋಣ' ಎಂದ. ಚೆನ್ನಕೇಶವನ್ ನೀರು ಕುಡಿಯದೆ ಚೊಂಬನ್ನು ಕೆಳಗಿಟ್ಟ. ಕುಡಿಯಲಿಲ್ಲವೆಂದು ಪಂಕಜಂ ನೊಂದುಕೊಂಡಾಳೆಂದು ಮತ್ತೆ ಎತ್ತಿ ಎರಡು ಗುಟುಕು ಕುಡಿದ.

ಏರಿಯ ಮೇಲೆ ನಿಂತು ಎಲ್ಲ ಹೇಳಿದ. ಸರಿಗೆಯ ಎಳೆ, ತಾಯಿಯ ಮಾತು, ಮಲ್ಲಿಗಾಳ ಬಸುರು. ಹೇಳುತ್ತ ಹೇಳುತ್ತ ತಾಯಿಯ ಮಾತಿಗೆ ತುಸು ಬಣ್ಣ ಹಚ್ಚಿ, ನಗು ಬರುವಂತೆ ಹೇಳುತ್ತಿದ್ದೇನೆಂದು ಗೊತ್ತಾಗಿ ನಿಲ್ಲಿಸಿದ. ನಂಜುಂಡನ್ ನಗಲಿಲ್ಲ. ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಒಬ್ಬನನ್ನು ನೋಡುತ್ತಿದ್ದ.

'ಯಾವಾಗಿಂದ ಹಂಗೆ ಅನ್ಕೊಂಡಿದ್ದೆ ತಂಬಿ?'

'ಪೊಂಗಲ್ ಆದ್ಮೇಲೆ ಅಣ್ಣಾ.'

'ಪೊಂಗಲ್ ಆದ್ಮೇಲೆ.' ನಂಜುಂಡನ್ ಆ ಮಾತನ್ನು ನಿಧಾನವಾಗಿ ತಿರುಗಿಸಿ ಹೇಳಿಕೊಂಡ. 'ಅದಾದ ಮುಂದಿನ ತಿಂಗಳು, ಮಾಸೀಲಿ, ನಮ್ಮನೇಲಿ ಉಂಡ್ಯಲ್ಲ. ಪಂಕಜಂ ಕೈಲಿ ಎರಡು ಸಲ ಸಾರು ಹಾಕಿಸ್ಕೊಂಡೆ. ಆವಾಗ್ಲೂ ಅನ್ಕೊಂಡಿದ್ಯಾ?'

ಚೆನ್ನಕೇಶವನ್ ಆವಾಗಲೂ ಅಂದುಕೊಂಡಿದ್ದ. ಊಟದ ನಡುವೆ ಗೋಡೆಯ ಗೂಡಿನಲ್ಲಿ ಬೀಗದಕೈ ಏನಾದರೂ ಇದೆಯೇ ಎಂದು ಕಣ್ಣಾಡಿಸಿದ್ದ.

'ನನ್ನ ಒಂದು ಮಾತು ಕೇಳ್ಬೋದಿತ್ತು. ಅಣ್ಣಾ, ನೀವಾ ಅಂತ. ಇಲ್ಲ ಅಂತಿದ್ದೆ. ನಂಬೋದು ಬಿಡೋದು ಆಮೇಲೆ.'

'ತಪ್ಪಾಯ್ತಣ್ಣಾ. ನಾಳೆಯಿಂದ ಬನ್ನಿ. ಮೊದಲಾಳಿ ಹೇಳಿ ಕಳಿಸಿದ್ದಾರೆ.' ಅವನ ನಾಚಿಕೆ ನಿಜವಾದದ್ದೇ. ಆದರೂ ಅದರ ಅಡಿಯಲ್ಲೇ ಇನ್ನೊಂದು ಪ್ರಶ್ನೆ ಬಾಯಿಗೆ ಬಂದು ನಿಂತಿತ್ತು: ಹಾಗಾದರೆ ಟೀ ಅಂಗಡಿಯಲ್ಲಿ ಆ ಮೇಸ್ತ್ರಿಯ ಜೊತೆ ಅಷ್ಟು ಹೊತ್ತು ಏನು ಮಾತು? ಅವನು ಅದನ್ನು ಉಗುಳಿನ ಜೊತೆ ನುಂಗಿದ.

'ಬರ್ತೀನಿ,' ಎಂದ ನಂಜುಂಡನ್. 'ಬರ್ದೆ ಎಲ್ಲಿಗೆ ಹೋಗ್ಲಿ? ಈ ವಯಸ್ಸಲ್ಲಿ ಯಾರು ಕೆಲಸ ಕೊಡ್ತಾರೆ? ಆದ್ರೆ ಒಂದು. ಇನ್ಮೇಲೆ ದಿನಾ ಸಂಜೆ ನಾನು ಹೊರಡೋವಾಗ ನೀನೇ ಕೆಳಗಿಳಿದು ಬರ್ಬೇಕು. ಗೇಟಲ್ಲಿ, ಎಲ್ರ ಎದುರಿಗೆ, ನನ್ನ ಚೀಲ ನೋಡ್ಬೇಕು. ಮಾರಪ್ಪನ್ ಅಲ್ಲ, ನೀನು. ನೋಡಿ, ಏನೂ ಇಲ್ಲ, ಹೋಗಿ ಅಂತ ಹೇಳ್ಬೇಕು.'

'ಅಣ್ಣಾ, ಅದೆಲ್ಲ ಯಾಕೆ...'

'ನಿನ್ನೆ ಕಿಟಕೀಲಿ ನಿಂತಿದ್ಯಲ್ಲ. ನಾನು ನೋಡ್ದೆ. ಮೇಲಿಂದ ಸರಿಯಾಗಿ ಕಾಣ್ಸಿರಲ್ಲ ನಿಂಗೆ.'

ಮರುದಿನ ಬೆಳಿಗ್ಗೆ ನಂಜುಂಡನ್ ಎಂದಿನಂತೆ ಬಂದು, ಎಂದಿನಂತೆ ಇದ್ದಿಲು ಜರಡಿ ಹಿಡಿದ. ಇಬ್ಬರೂ ಸೇರಿ ಹಳೆಯ ಪಂಚೆಯ ಬಟ್ಟೆ ಹಾಕಿ ಹೊಸ ಸೆಲ್ ಕಟ್ಟಿದರು. ಬೇಕಾದಷ್ಟೇ ಮಾತಾಡಿದರು. ಸಂಜೆ ತುಂಬಿಸಿ, ಬೀಗ ಹಾಕುವಾಗ ಚೆನ್ನಕೇಶವನ್ ಎರಡನೇ ಬೀಗದಕೈಯನ್ನು ಚಾಚಿದ; ನಂಜುಂಡನ್ ಬೇಡವೆಂದು ತಲೆಯಾಡಿಸಿ ಮೆಟ್ಟಿಲಿಳಿದ. ಗೇಟಿನಲ್ಲಿ ಪಾಳಿ ಬಿಟ್ಟ ಜನ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ನಂಜುಂಡನ್ ಮಾರಪ್ಪನ್‌ನ ಸ್ಟೂಲಿನ ಮೇಲೆ ಚೀಲವಿಟ್ಟು, ಬಾಯಿ ಅಗಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಸೈಕಲ್ಲುಗಳು ಒಂದೊಂದಾಗಿ ನಿಂತವು. ಮಹಡಿಯಿಂದ ಇಳಿಯುವಾಗಲೇ ಚೆನ್ನಕೇಶವನ್ ನಿಶ್ಚಯಿಸಿಕೊಂಡಿದ್ದ: ಚೀಲದೊಳಗೆ ನೋಡುವುದೇ ಇಲ್ಲ, ಮುಖ ನೋಡಿ, ಏನೂ ಇಲ್ಲ ಹೋಗಿ ಅಣ್ಣಾ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡುವುದು. ಸ್ಟೂಲಿನ ಮುಂದೆ ಬಂದು ನಿಂತ. ನಂಜುಂಡನ್‌ನ ಮುಖ ನೋಡಲಾಗಲಿಲ್ಲ. ನೋಡಲಿಕ್ಕೆ ಬೇರೆ ಏನೂ ಇಲ್ಲದ್ದರಿಂದ ಕಣ್ಣು ಚೀಲಕ್ಕೆ ಇಳಿಯಿತು. ಟವೆಲ್ಲು ನಾಲ್ಕು ಮಡಿಕೆಯಾಗಿ ಮೇಲಿತ್ತು. ಇಷ್ಟು ನೀಟಾಗಿ ಯಾಕೆ ಮಡಚಿದ್ದಾನೆ? ಅವನು ಟವೆಲ್ ಬಿಚ್ಚಿದ. ಬನಿಯನ್ ಎತ್ತಿ ನೋಡಿದ. ಕ್ಯಾರಿಯರಿನ ಮೇಲಿನ ಡಬ್ಬಿ ತೊಳೆದು ಖಾಲಿಯಾಗಿತ್ತು. ಸಾಕು, ಈಗ ಹೇಳಬೇಕು ಎಂದುಕೊಂಡು ಬಾಯಿ ತೆರೆದ.

'ಅಣ್ಣಾ,' ಎಂದ, ಅವರಿಬ್ಬರಿಗೆ ಮಾತ್ರ ತಿಳಿಯುವ ಮಾತಿನಲ್ಲಿ, 'ಕೆಳಗಿನ ಡಬ್ಬೀನೂ ಒಂದ್ಸಲ ತೆಗೀರಿ.'